ಬಾಲವಿಲ್ಲದ ಚೇಳು

“ಜಾಸ್ಮೀನಾ, ಈ ಕೈ ಯಾರ್ದು?”

ಡ್ರಾಯಿಂಗ್ ಸರ್ ಸಿದ್ದಲಿಂಗೇಶ ಹಳೆಯ ಚಿತ್ರದ ಧೂಳನ್ನು ಹತ್ತಿಯಿಂದ ಒರೆಸಿ, ಲೆನ್ಸ್ ಹಿಡಿದು ಬಗ್ಗಿದ್ದರು. ಯಲಬುರ್ಗಾದ ಶಾಲೆಯಲ್ಲಿ ಅಂದು ಹಳೆ ವಸ್ತುಗಳ ಪ್ರದರ್ಶನ. ಜಾಸ್ಮೀನ ತನ್ನ ಮನೆಯ ಗೋಡೆಯ ಮೇಲಿದ್ದ ದೊಡ್ಡ ಚಿತ್ರವನ್ನು ಅಪ್ಪನ ಬೈಕಿನ ಹಿಂದೆ ಕುಳಿತು ಅವುಚಿಕೊಂಡು ತಂದಿದ್ದಳು. ಅದರಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕುಳಿತಿದ್ದರು. ಬರೆದವರ ಹೆಸರು ಎಲ್ಲೂ ಇರಲಿಲ್ಲ.

“ನಮ್ಮ ಮುತ್ತಜ್ಜಿ ಗೌಸಬೀದು ರೀ ಸರ್. ಬಾಜೂಕ ಮುತ್ತಜ್ಜ ಫಕ್ರುದ್ದೀನ.”

“ನಿಮ್ಮ ಮನ್ಯಾಗ ಹಚ್ಚಿ ಹಾಕಿಸ್ಕೋತಾರೇನು?”

“ಇಲ್ರಿ. ನಮ್ಮೊಳಗ ಯಾರೂ ಹಾಕಿಸ್ಕೊಳ್ಳಂಗಿಲ್ಲ.”

“ಮತ್ತ ಇದೇನೈತಿ, ನೋಡು.”

ಜಾಸ್ಮೀನ ಲೆನ್ಸಿನಲ್ಲಿ ಇಣುಕಿದಳು. ಮುತ್ತಜ್ಜಿಯ ಬಳೆಗಳ ಕೆಳಗೆ ಹಸಿರು ಹಚ್ಚೆಯ ಪುಟ್ಟ ಚೇಳು. ಮೈ ಇತ್ತು, ಕಾಲುಗಳಿದ್ದವು, ಬಾಲ ಮಾತ್ರ ಇರಲಿಲ್ಲ. ಅಯ್ಯೋ, ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಿದ್ದಳಲ್ಲ!

“ಗುಜರಿ ಅಂಗಡ್ಯಾಗ ತಂದಿರಬೇಕ್ರಿ,” ಎಂದು ಹಿಂದಿನಿಂದ ಸಹಪಾಠಿ ಅಕ್ಬರ ಕಿಚಾಯಿಸಿದ. ಎಲ್ಲರೂ ನಕ್ಕರು.

ಸರ್ ನಗಲಿಲ್ಲ. “ಚಿತ್ರ ಭಾಳ ಛಲೋ ಐತಿ. ಆದ್ರ ಇವರು ಯಾರು, ಯಾರು ಬರದ್ರು ಅಂತ ಖಾತ್ರಿ ಆಗದ ಕೊಪ್ಪಳದ ಪ್ರದರ್ಶನಕ್ಕ ಕಳಸಾಕ ಬರೂದಿಲ್ಲವ್ವ.”

ಜಾಸ್ಮೀನಳ ಕಣ್ಣು ತುಂಬಿತು. ಮುತ್ತಜ್ಜಿ ಕೊಪ್ಪಳಕ್ಕೆ ಹೋಗುತ್ತಾಳೆಂದು ಓಣಿಗೆಲ್ಲ ಡಂಗುರ ಸಾರಿದ್ದಳು. ಈಗ ಮುಖ ಎತ್ತಿ ಓಡಾಡುವುದು ಹೇಗೆ?

ಅಷ್ಟರಲ್ಲಿ ಗೆಳತಿ ಸುನಿತಾ ಲೆನ್ಸ್ ಕಸಿದುಕೊಂಡು ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. “ಏ, ಈ ಚೇಳು ನಮ್ಮ ಮನ್ಯಾಗ ಐತಿ,” ಎಂದವಳೇ ಜಾಸ್ಮೀನಳ ಕೈ ಹಿಡಿದು ಓಟ ಕಿತ್ತಳು.

ಶಾಲೆಯ ಹಿಂದೆಯೇ ಸುನಿತಾಳ ಮನೆ. ಅವಳ ಅಜ್ಜಿ ಕಸ್ತೂರೆಮ್ಮ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದರು. ಸುನಿತಾ ಅಜ್ಜಿಯ ಬಳೆ ಮೇಲಕ್ಕೆ ಸರಿಸಿದಳು. ಸುಕ್ಕುಗಳ ನಡುವೆ ಅದೇ ಚೇಳು! ಬಾಲ ಇಲ್ಲ.

“ಬಾಲ ಎಲ್ಲಿ ಹೋತ್ರಿ ಅಜ್ಜಿ?” ಜಾಸ್ಮೀನ ಏದುಸಿರಿನಲ್ಲೇ ಕೇಳಿದಳು.

“ಸೂಜಿ ಚುಚ್ಚೂದು ತಾಳಲಾರದ ಅರ್ಧಕ್ಕ ಎದ್ದು ಓಡಿದ್ನಿ. ಬಾಲ ಹಚ್ಚಿ ಹಾಕಾಕಿ ಕಡೇನ ಉಳೀತು.”

ಇಬ್ಬರೂ ಅಜ್ಜಿಯನ್ನು ಎಬ್ಬಿಸಿಕೊಂಡು ಶಾಲೆಗೆ ಕರೆತಂದರು. ಚಿತ್ರ ಕಂಡದ್ದೇ ಅಜ್ಜಿ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟರು.

“ಇದು ನಮ್ಮ ಯಜಮಾನ್ರು ಬರದಿದ್ದು. ಹನುಮಂತಪ್ಪ ಅಂತ, ಗೊಂಬಿಗೆ, ತೊಟ್ಟಲಕ್ಕ ಬಣ್ಣ ಹಚ್ಚತಿದ್ರು. ಈಕೀ ಮುತ್ತಜ್ಜಿ ಪರದೆದಾಗ ಇರಾಕಿ. ಒಮ್ಮಿ ಪರದೆ ಸರಿಸಿ ಮುಖ ತೋರ್ಸಿದ್ಳಂತ, ಅಷ್ಟ. ಮುಖ ನೆನಪಿಟ್ಟು ಬರದ್ರು. ಕೈ ಬರ್ಯಾಕ ಮನ್ಯಾಗ ನನ್ನ ಕುಂದರಿಸಿದ್ರು. ಜೋಮು ಹಿಡದು ಸಾಕಾಗಿತ್ತು.”

“ಆ ಹಚ್ಚಿ ಬರೀದ ಬಿಡಬಹುದಿತ್ತಲ್ರಿ?” ಸರ್ ಕೇಳಿದರು.

“ಕಂಡಿದ್ದನ್ನ ಕಂಡಂಗ ಬರ್ಯಾವ್ರು ಅವ್ರು. ಯಾರ ಮಾತು ಕೇಳ್ತಿದ್ರು?”

ಸರ್ ಜೋರಾಗಿ ನಕ್ಕು, ಚಿತ್ರದ ಕೆಳಗಿನ ಚೀಟಿಯಲ್ಲಿ ಹನುಮಂತಪ್ಪನವರ ಹೆಸರು ಬರೆದರು. ಜಾಸ್ಮೀನ ಕುಣಿದಾಡಿದಳು. ಮುತ್ತಜ್ಜಿ ಅವಳ ಮುತ್ತಜ್ಜಿಯೇ! ಅಕ್ಬರನೂ ಚಪ್ಪಾಳೆ ತಟ್ಟಿದ.

“ಅಜ್ಜಿ, ಇದನ್ನ ನಮ್ಮ ಮನ್ಯಾಗ ತೂಗು ಹಾಕಿದಾಗ ನೀವು ಬಂದಿದ್ರಿಲ್ಲ?”

“ನನ್ನ ಯಾರು ಕರೀತಾರವ್ವ? ಕಡೀ ಬಣ್ಣ ನಿಮ್ಮ ಮನ್ಯಾಗ ಹಚ್ಚಿದ್ರು. ಪೂರ್ತಿ ಆಗಿದ್ದು ನೋಡಾಕತ್ತಿದ್ದು ಇವತ್ತ.”

ಜಾಸ್ಮೀನಳ ಕುಣಿತ ನಿಂತಿತು. ಅವಳು ಸರ್ ಕುರ್ಚಿಯನ್ನೇ ಎಳೆತಂದು ಅಜ್ಜಿಯನ್ನು ಚಿತ್ರದ ಮುಂದೆ ಕೂರಿಸಿದಳು.

ಗಂಟೆ ಹೊಡೆಯಿತು. ಚಿತ್ರ ಇಳಿಸಿ ಕೊಪ್ಪಳಕ್ಕೆ ಪ್ಯಾಕ್ ಮಾಡಲು ಅಕ್ಬರ ಬಂದ. ಅಜ್ಜಿ ಏಳಹೋದರು.

“ತಡಿಯೋ, ಅಜ್ಜಿ ಇನ್ನಾ ನೋಡಾಕತ್ತಾರ,” ಎಂದಳು ಜಾಸ್ಮೀನ. ಆಮೇಲೆ ಅಜ್ಜಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು ನಿಂತಳು.