ಹೆಣ್ಣೊಪ್ಪಿಸುವ ಪದ

ಪದದ ನಡುವೆಯೇ ಮೈಕ್ ಸತ್ತುಹೋಯಿತು.

ಚನ್ನರಾಯಪಟ್ಟಣದ ಛತ್ರ. ತಾಳಿ ಕಟ್ಟಿದ್ದಾಗಿತ್ತು. ಮದುಮಗಳು ನಿಸರ್ಗಳನ್ನು ಗಂಡಿನ ಕಡೆಯವರಿಗೆ ಒಪ್ಪಿಸುವ ಹೊತ್ತು. ಹಾಡುತ್ತಿದ್ದವಳು ದುದ್ದದ ರಂಜಿತಾ. ಅಜ್ಜಿಯಿಂದ ಬಂದ ಪದ, ಎಲ್ಲರಿಗೂ ಬಾಯಿಪಾಠ.

'ಹೊಡೆದರೆ ತಾಳವ್ವ, ಬೈದರೆ ಕೇಳವ್ವ, ಹೊಸಿಲ ದಾಟಿ ಬರಬ್ಯಾಡ...'

ಅವತ್ತು ರಂಜಿತಾ ಹಾಡಿದ್ದು ಬೇರೆ.

'ಹೊಡೆದರೆ ತಾಳಬ್ಯಾಡ, ಬೈದರೆ ಕೇಳಬ್ಯಾಡ, ಹೊಸಿಲ ದಾಟಿ ಬಂದ್ಬುಡವ್ವ...'

ಟಪ್.

ತಿರುಗಿ ನೋಡಿದಳು. ಮೈಕ್ ಸೆಟ್‌ನ ರುದ್ರೇಶ ಕಿತ್ತ ವೈರನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ಗಂಡಿನ ದೊಡ್ಡಪ್ಪ ಈಶ್ವರಯ್ಯ.

"ಒಳ್ಳೆ ಕೆಲ್ಸದಲ್ಲಿ ಇದೆಂಥ ಪದವಮ್ಮ? ಅಜ್ಜಿ ಹೇಳ್ಕೊಟ್ಟಂಗೆ ಹಾಡಕ್ಕಾಗಲ್ವಾ?" ಎಂದು ಈಶ್ವರಯ್ಯ ಗದರಿದರು.

ರಂಜಿತಾ ಮೈಕಿಲ್ಲದೆಯೇ ಪದ ಮುಗಿಸಿದಳು. ಚಪ್ಪಲಿ ಮೆಟ್ಟಿ, ಹೋಗುವಾಗ ರುದ್ರೇಶನ ಮುಂದೆ ನಿಂತಳು.

"ನಿಮ್ಮನೇಲಿ ಹೆಣ್ಮಕ್ಳಿಲ್ವಾ?"

"ಒಂದ್ನಿಮಿಷ ಮೇಡಂ, ನಾನು..."

ಅವಳು ನಿಲ್ಲಲಿಲ್ಲ.

ಬಸ್ಸಿನ ಕಿಟಕಿಗೆ ತಲೆಯಾನಿಸಿದರೆ ಮತ್ತೆ ಅದೇ ನೆನಪು... ತಂಗಿ ಮಾನ್ಯ. ಎರಡು ವರ್ಷದ ಹಿಂದೆ ಹೊಳೆನರಸೀಪುರದಲ್ಲಿ ಹಳೇ ಪದ ಹಾಡಿ ಅವಳನ್ನು ಒಪ್ಪಿಸಿದ್ದು ರಂಜಿತಾಳೇ. ಆರು ತಿಂಗಳಿಗೆ ಮಾನ್ಯ ಫೋನ್ ಮಾಡಿದ್ದಳು.

"ಅಕ್ಕಾ, ಬಂದ್ಬುಡ್ಲಾ?"

"ಪದ ಮರ್ತೋಯ್ತೇನೇ ನಿಂಗೆ?" ಎಂದು ರಂಜಿತಾ ನಕ್ಕಿದ್ದಳು. ತಂಗಿಯೂ ನಕ್ಕಿದ್ದಳು.

ಮೂರನೇ ದಿನ ಅವಳ ಹೆಣ ಬಂತು.

'ಕೊಂದಿದ್ದು ಅವಳ ಗಂಡನೊಬ್ಬನೇ ಅಲ್ಲ... ನನ್ನ ಪದವೂ.'

ಛತ್ರದ ಸುದ್ದಿ ಹರಡಿ, ಎರಡು ತಿಂಗಳು ಯಾರೂ ರಂಜಿತಾಳನ್ನು ಹಾಡಲು ಕರೆಯಲಿಲ್ಲ.

"ತಪ್ಪಾಯ್ತು, ಇನ್ಮೇಲೆ ಹಳೇದನ್ನೇ ಹಾಡ್ತೀನಿ ಅಂದ್ಬುಡು," ಎಂದು ಅಮ್ಮ ಕಮಲಾಕ್ಷಮ್ಮ ದಿನವೂ ಹೇಳಿದರು. "ಒಂದು ಪದಕ್ಕೆ ಊರಿಗೆಲ್ಲ ಕೆಟ್ಟೋಳಾಗ್ಬೇಕಾ?"

ರಂಜಿತಾಳೂ ದಣಿದಿದ್ದಳು. ನಾಳೆ ಅಂದುಬಿಡೋಣ ಎಂದುಕೊಂಡ ದಿನವೇ ಮನೆ ಮುಂದೆ ಬೈಕ್ ನಿಂತಿತು. ರುದ್ರೇಶ.

"ಇನ್ನೇನು ಕೀಳಕ್ಕೆ ಬಂದ್ರಿ?"

ಅವನು ಫೋನಿನಲ್ಲಿದ್ದ ರೆಕಾರ್ಡಿಂಗ್ ಹಾಕಿದ. ಅವಳ ಪದ. ಅದರ ನಡುವೆ ಎರಡು ಗಂಡು ದನಿ.

"ಲೇ, ಕೀಳ್ಲಾ ಆ ವೈರ್‌ನ."

"ಪದ ಮುಗೀಲಿ ಸಾ. ನಾನು ಕೀಳಲ್ಲ."

"ಸರ್ಕೋ ಅತ್ಲಾಗೆ..."

ಟಪ್. ಆಮೇಲೆ ಮೈಕಿಲ್ಲದ ಅವಳ ದನಿ, ಸಣ್ಣಗೆ, ಕೊನೆಯವರೆಗೂ.

ಹಾಗಾದರೆ ಕಿತ್ತವರು ಈಶ್ವರಯ್ಯ... ಇವನು ಅದನ್ನು ಮತ್ತೆ ಸಿಕ್ಕಿಸಲು ಹೊರಟಿದ್ದ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಕಾಲಲ್ಲಿದ್ದ ಚಪ್ಲಿ ಕೈಗೆ ಬಂದ್ರೆ ಅಂತ ಸುಮ್ನಾದೆ." ಆಮೇಲೆ ಅವನ ದನಿ ಇಳಿಯಿತು. "ಅವತ್ತಿನ ಮದ್ವೆ ಹೆಣ್ಣು ನಿಸರ್ಗ ಫೋನ್ ಮಾಡಿದ್ಳು. ಈ ಪದ ಬೇಕಂತೆ. ಹೋದ ವಾರ ತವರಿಗೆ ಬಂದ್ಬುಟ್ಳಂತೆ. ಕೈ ಮುರಿದೈತೆ."

"ಬದುಕವ್ಳಾ?"

"ಬದುಕವ್ಳೆ."

ತಂಗಿಯ ಹೆಣದ ಮುಂದೆಯೂ ಅಳದಿದ್ದ ರಂಜಿತಾ ಹೊಸಿಲ ಮೇಲೆ ಕುಸಿದು ಕೂತು ಅತ್ತಳು. ಅವನು ಕೆಳಗಿನ ಮೆಟ್ಟಿಲಲ್ಲಿ ಕೂತ.

"ಮಾನ್ಯನ ಮದ್ವೇಲೂ ನಂದೇ ಮೈಕು," ಎಂದ. "ಚೆನ್ನಾಗಿ ಕೇಳ್ಲಿ ಅಂತ ಸೌಂಡ್ ಏರಿಸ್ದೋನು ನಾನೇ. ನಿಮ್ಮೊಬ್ರದ್ದೇ ಅಲ್ಲ ತಪ್ಪು."

ಬಾಗಿಲಿಂದ ಇಣುಕಿದ ಅಮ್ಮನಿಗೆ ರಂಜಿತಾ ಹೇಳಿದಳು, "ಹಳೇದನ್ನ ಇನ್ನು ಹಾಡಲ್ಲಮ್ಮ. ಯಾರು ಕರೀದಿದ್ರೂ ಸರಿ."

ಅಮ್ಮ ಒಳಗೆ ಹೋದರು.

"ನನ್ನೂ ಆ ಛತ್ರದೋರು ಕರೆಯಲ್ಲ ಈಗ," ಎಂದ ರುದ್ರೇಶ. "ಅಲ್ಲಾ... ನೀವು ಹಾಡಿದ್ದೆಲ್ಲ ರೆಕಾರ್ಡ್ ಮಾಡಿಟ್ಕೊಂಡಿದೀನಿ. ಬೇರೇನೂ ಅಲ್ಲ, ಕೇಳ್ತಾ ಇರ್ಬೇಕು ಅನ್ಸುತ್ತೆ. ನಮ್ಮಿಬ್ರದ್ದು ಮದ್ವೆ ಅಂತಾದ್ರೆ... ಒಪ್ಪಿಸೋ ಪದ ಯಾರು ಹಾಡ್ತಾರೆ?"

ಅವಳು ಅಂಗೈಯಲ್ಲಿ ಕಣ್ಣೊರೆಸಿಕೊಂಡಳು.

"ನನ್ನ ಯಾರೂ ಒಪ್ಪಿಸಂಗಿಲ್ಲ. ನಾನೇ ಬತ್ತೀನಿ. ಆದ್ರೆ ಬಾಗ್ಲು ತೆಗ್ದಿರ್ಬೇಕು. ಬರಕ್ಕೂ, ಹೋಗಕ್ಕೂ."

"ಚಿಲಕಾನೇ ಕಿತ್ತಾಕಿಸ್ತೀನಿ."

"ಬ್ಯಾರೆಯೋರ ಕೈಲಿ ಬ್ಯಾಡ," ಎಂದಳು ರಂಜಿತಾ. "ಅದನ್ನಾದ್ರೂ ನೀವೇ ಕೀಳಿ."