ಹಿಮದ ಮೇಲೆ ಬಿಚ್ಚಿದ ಹಗ್ಗ

"ಹಗ್ಗ ಯಾಕ್ ಬಿಚ್ಚಿದಿ? ಬಾಯಿ ಬಿಡಲೇ!"

ಸುಧಾರಾಣಿಯ ಕೂಗಿಗೆ ಮುಂದಿದ್ದ ಗೈಡ್ ಕೂಡ ನಿಂತುಬಿಟ್ಟ.

ಹಿಮಾಚಲದ ಶಿಖರ ಅಲ್ಲೇ ಕಾಣುತ್ತಿತ್ತು. ಅಕ್ಟೋಬರಿನ ಮೊದಲ ಹಿಮ, ಮೊಣಕಾಲುದ್ದ. ಅವಳ ಸೊಂಟದಿಂದ ಹಿಂದಕ್ಕೆ ಹೋದ ಹಗ್ಗದ ತುದಿ ಖಾಲಿ ಬಿದ್ದಿತ್ತು. ಆ ತುದಿಯಲ್ಲಿ ಇರಬೇಕಾದವನು ದುರುಗೇಶ್. ಬರುವ ಮಾಘದಲ್ಲಿ ಅವಳನ್ನು ಮದುವೆಯಾಗುವವನು!

"ನಿನ್ನಿ ನಾ ಜಾರಿದಾಗ ನಿನ್ನೂ ಎಳಕೊಂಡು ಹೋದೆ, ಸುಧಾ. ಇನ್ನೊಮ್ಮಿ ಬಿದ್ರ ನಾ ಒಬ್ಬನ ಹೋಗ್ಲಿ ಅಂತ..."

"ನಿನ್ನಿ ನಿನ್ನ ಹಿಡದಾಕಿ ಯಾರು? ನಿಮ್ಮಜ್ಜಿಯೇನು? ನಾನ!"

ಇಬ್ಬರೂ ಹಂಪಿಯ ಬಂಡೆಗಳ ಮೇಲೆ ಹತ್ತಲು ಕಲಿತವರು. ಅಲ್ಲಿ ಹಗ್ಗವನ್ನು ಮೇಲಿನ ಕಲ್ಲಿಗೆ ಬಿಗಿಯುತ್ತಾರೆ. ಇಲ್ಲಿ ಬಿದ್ದವನನ್ನು ಜೊತೆಗಿರುವವರೇ ಹಿಡಿಯಬೇಕು. ಕಲ್ಲನ್ನು ನಂಬಿದವನು ಅವಳನ್ನು ನಂಬಲಿಲ್ಲ!

"ಹೋದ ತಿಂಗಳು, ಮದುವಿ ಆದಮ್ಯಾಲೆ ಸುಧಾ ಯಶವಂತನಗರದ ನೌಕರಿ ಬಿಡ್ತಾಳ ಅಂತ ನಮ್ಮಪ್ಪಗ ಹೇಳಿ ಬಂದಿ. ನನ್ನ ಕೇಳಿದ್ಯಾ?"

"ಆ ರೋಡಿನ್ಯಾಗ ಅದಿರಿನ ಲಾರಿ ಹೆಂಗ್ ಓಡಸ್ತಾರ ಗೊತ್ತಿಲ್ಲೇನು? ನೀ ಸ್ಕೂಟಿ ಮ್ಯಾಲೆ ಹೊಂಟ್ರ ನನ್ನ ಜೀವ ಕೈಯಾಗಿರ್ತೈತಿ!"

"ಅವತ್ತು ಪ್ರೀತಿ ಅಂದ್ಕಂಡು ಸುಮ್ನಾದೆ. ಇವತ್ತೂ ಹಂಗ ಮಾಡಿದಿ!"

"ಪ್ರೀತಿನ ಸುಧಾ! ನೀ ಅಂದ್ರ ನನಗ ಭಾಳ..." ಅವನು ಕೈಗವಸು ಕಿತ್ತು ಅವಳತ್ತ ಕೈ ಚಾಚಿದ.

ಅವಳು ಒಂದು ಹೆಜ್ಜೆ ಮುಂದಿಟ್ಟು ನಿಂತಳು. 'ಅಪ್ಪಿಕೊಳ್ಳಲೇ? ಅಪ್ಪಿಕೊಂಡರೆ ಮುಗಿಯಿತು... ಜೀವನವಿಡೀ ಇವನು ಹೇಳದೆ ಕೇಳದೆ ಬಿಚ್ಚುತ್ತಲೇ ಇರುತ್ತಾನೆ!'

ಅಷ್ಟರಲ್ಲಿ, ಮುಂದೆ ಹತ್ತಿಹೋಗಿದ್ದ ಅವರದೇ ಹೊಸಪೇಟೆ ಚಾರಣ ಕ್ಲಬ್ಬಿನ ಹಿರಿಯ ಹುಲುಗಪ್ಪ, ಎತ್ತರದ ತಲೆನೋವು ತಾಳದೆ, ಇನ್ನೊಬ್ಬ ಗೈಡ್ ಜೊತೆ ಇಳಿದು ಬಂದರು.

ಸುಧಾರಾಣಿ ತನ್ನ ಗಂಟು ಬಿಚ್ಚಿದಳು. ಮುಂದಿದ್ದ ತಮ್ಮ ಗೈಡ್‌ನ ಹಗ್ಗವನ್ನು ದುರುಗೇಶನ ಸೊಂಟಕ್ಕೆ ತಾನೇ ಕಟ್ಟಿದಳು.

"ಬಿಗಿ ಐತೇನು?"

"ಐತಿ... ಹೋಗಬ್ಯಾಡ ಸುಧಾ. ಇನ್ನಮ್ಯಾಲೆ ಕೇಳ್ತೀನಿ."

"ಕೈಗವಸು ಹಾಕ್ಕ. ಬೆರಳು ಹೋಗ್ತಾವ."

ಅಷ್ಟೇ ಹೇಳಿ ಅವಳು ಹುಲುಗಪ್ಪನ ಹಗ್ಗಕ್ಕೆ ಸೇರಿಕೊಂಡಳು.

"ಇಷ್ಟು ಹತ್ರ ಬಂದು ಇಳಿತೀಯೇನವ್ವಾ?" ಹುಲುಗಪ್ಪ ಕೇಳಿದರು.

"ನಮ್ಮ ಸಂಡೂರು ಗುಡ್ಡದಂಗ ಇದನ್ನ ಯಾರೂ ಅಗದು ಲಾರಿಗೆ ತುಂಬಲ್ಲ, ಅಣ್ಣಾ. ಇನ್ನೊಮ್ಮಿ ಬರ್ತೀನಿ. ನಡೀರಿ!"

ಅವಳು ತಿರುಗಿ ನೋಡಲಿಲ್ಲ.

ದುರುಗೇಶನೂ ಶಿಖರ ಹತ್ತಲಿಲ್ಲ. ತುಸು ತಡವಾಗಿ ಕ್ಯಾಂಪಿಗೆ ಇಳಿದ. ಟೆಂಟಿನಲ್ಲಿ ಅವಳ ಚೀಲ ಇರಲಿಲ್ಲ. ಅವನ ಸೊಂಟಕ್ಕೆ ಅವಳು ಕಟ್ಟಿದ ಗಂಟು ಹೆಪ್ಪುಗಟ್ಟಿತ್ತು. ಎಷ್ಟು ಎಳೆದರೂ ಬಿಚ್ಚಿಕೊಳ್ಳಲಿಲ್ಲ...

ಮಾಘ ಬಂತು. ಅದಿರಿನ ಲಾರಿಗಳ ನಡುವೆ ಸುಧಾರಾಣಿಯ ಸ್ಕೂಟಿ ದಿನಾ ಯಶವಂತನಗರಕ್ಕೆ ಹೋಗುತ್ತಿತ್ತು.

ದುರುಗೇಶನ ಮನೆಗೆ ಅವಳು ಸೊಸೆಯಾಗಿ ಬರಲಿಲ್ಲ.