ದ್ಯಾಮಕ್ಕ ಮಳೆಗೆ ದಾರಿ ತೋರಿಸಿದ್ದು

ಬಹಳ ಬಹಳ ಹಿಂದೆ, ಸಪಾಟು ನೆಲವೆಂಬುದೇ ಇಲ್ಲದ ಒಂದು ಗುಡ್ಡದ ರಾಜ್ಯವಿತ್ತು. ಅಲ್ಲಿಯ ಅತಿ ಎತ್ತರದ ಗುಡ್ಡದ ನೆತ್ತಿಯಲ್ಲಿ ಧೂಮಜಟನೆಂಬ ಮಾಂತ್ರಿಕನಿದ್ದ. ಆಕಾಶದ ಮಳೆಯನ್ನೆಲ್ಲ ಅವನು ತನ್ನ ದಂಡಕ್ಕೆ ಕಟ್ಟಿಹಾಕಿದ್ದ. ಕೆಳಗಿನ ಕೆರೆಗೆ ಒಂದು ಹನಿಯನ್ನೂ ಬಿಡುತ್ತಿರಲಿಲ್ಲ. ವರ್ಷಕ್ಕೊಂದು ಮನೆಯ ಮೇಲೆ ಮಳೆ ಬಿಡುವನು, ಮನೆ ಇಳಿಜಾರಿನಲ್ಲಿ ಜಾರಿಹೋಗುವುದು, ಆ ನೆಲ ಅವನದಾಗುವುದು.

ಹೆದರಿದ ಜನ ಊರು ಬಿಟ್ಟರು. ಉಳಿದವಳು ದ್ಯಾಮಕ್ಕ ಒಬ್ಬಳೇ. ತನ್ನ ಮನೆಯ ಗೋಡೆಗಳನ್ನು ಅವಳೇ ಮಣ್ಣು ತುಳಿದು ಎಬ್ಬಿಸಿದ್ದಳು, ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ತಂಗಿ ಗಿರಿಜವ್ವ ಗಂಡನ ಜೊತೆ ಹೋಗಿ ಆರು ವರ್ಷವಾಗಿತ್ತು. ದ್ಯಾಮಕ್ಕ ಒಮ್ಮೊಮ್ಮೆ ತನ್ನ ದನಿ ಇದೆಯೋ ಇಲ್ಲವೋ ಎಂದು ನೋಡಲು ಒಲೆಯೊಡನೆ ಮಾತಾಡುತ್ತಿದ್ದಳು.

ಒಂದು ದಿನ ಧೂಮಜಟ ಅಂಗಳಕ್ಕೆ ಬಂದ. "ಮನೆ ಬಿಟ್ಟು ಹೋಗು. ಇಲ್ಲವಾದರೆ ಮೂರು ಮಳೆ ಕಳಿಸುತ್ತೇನೆ."

"ಮೂರಕ್ಕೂ ಮನೆ ನಿಂತರೆ?"

"ನಿಂತರೆ ನನ್ನ ಮಂತ್ರ ನನ್ನನ್ನೇ ತಿನ್ನಲಿ" ಎಂದು ನಕ್ಕು ಹೋದ.

ದ್ಯಾಮಕ್ಕ ಗುದ್ದಲಿ ಹಿಡಿದಳು. ಮನೆಯ ಮೇಲ್ಬದಿಗೆ ಕುಡುಗೋಲಿನಂತೆ ಬಾಗಿದ ಆಳದ ಕಾಲುವೆ ತೋಡಿ, ಅದರ ತುದಿಯನ್ನು ಪಕ್ಕದ ಬಂಡೆಗಳ ಕೊರಕಲಿಗೆ ಕೂಡಿಸಿದಳು.

ಮೊದಲ ಮಳೆ ಕೋಣವಾಗಿ ಬಂತು. ಕೊಂಬು ತಗ್ಗಿಸಿ ಗುಡ್ಡದಿಂದ ನುಗ್ಗಿದ್ದು ಕಾಲುವೆಗೆ ಬಿದ್ದು, ನೀರಾಗಿ ಕೊರಕಲಿಗೆ ಹರಿದುಹೋಯಿತು.

ಎರಡನೆಯ ಮಳೆ ಸರ್ಪವಾಗಿ ಬಂತು. ಅದು ಕಾಲುವೆಯ ಕಡೆ ಸುಳಿಯಲೇ ಇಲ್ಲ. ಆಕಾಶದಿಂದ ನೇರ ಮಾಡಿನ ಮೇಲಿಳಿದು, ಗೋಡೆಯ ಬುಡದಲ್ಲಿ ಬಿಲ ಹುಡುಕಿತು. ಆದರೆ ದ್ಯಾಮಕ್ಕ ಬುಡದ ಸುತ್ತ ಜೇಡಿಮಣ್ಣು ಬಡಿದು, ಆಚೆಗೆ ಇಳಿಜಾರಾಗುವಂತೆ ಚಪ್ಪಡಿ ಹಾಸಿದ್ದಳು. ಸರ್ಪ ಹಲ್ಲೂರಲು ಜಾಗ ಸಿಗದೆ ಜಾರಿಹೋಯಿತು.

ಮೂರನೆಯ ಮಳೆ ಮಧ್ಯಾಹ್ನ ಬಂದು ಬಾಗಿಲು ತಟ್ಟಿತು.

"ಅಕ್ಕಾ, ನಾನು ಗಿರಿಜ. ಬಾಗಿಲು ತೆಗಿ."

ದ್ಯಾಮಕ್ಕನ ಕೈ ಅಗುಳಿಯ ಮೇಲಿತ್ತು. ಅಷ್ಟರಲ್ಲಿ ಹೊಸ್ತಿಲ ಕೆಳಗಿನಿಂದ ನೀರು ಒಸರಿ ಅವಳ ಪಾದ ಮುಟ್ಟಿತು. ಕೈ ಅಲ್ಲೇ ನಿಂತಿತು.

"ನೀನು ನನ್ನ ತಂಗಿಯಲ್ಲ."

"ಅಲ್ಲ. ಆದರೆ ಒಳಗೆ ಕರೆದುಕೋ. ದಿನಾ ಅವಳ ದನಿಯಲ್ಲೇ ಮಾತಾಡುತ್ತೇನೆ."

ದ್ಯಾಮಕ್ಕ ಬಾಗಿಲಿಗೆ ಹಣೆಯಾನಿಸಿ ಅತ್ತಳು. ಆಮೇಲೆ ಕೇಳಿದಳು, "ಒಳಗೆ ಬಂದರೆ ಗೋಡೆ ಉಳಿಯೋದಿಲ್ಲ. ನಿಜವಾಗಿ ನೀನು ಎಲ್ಲಿಗೆ ಹೋಗಬೇಕು?"

"ಗೊತ್ತಿಲ್ಲ. ಬೀಳು ಅಂತಾನೆ, ಬೀಳುತ್ತೇನೆ. ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳಿಲ್ಲ."

ದ್ಯಾಮಕ್ಕ ಹಿತ್ತಿಲ ಬಾಗಿಲಿಂದ ಹೊರಬಂದಳು. "ಬಾ, ತೋರಿಸುತ್ತೇನೆ" ಎಂದು ಅಂಗಳದ ಅಂಚಿನಿಂದ ಇಳಿಜಾರಿನಲ್ಲಿ ಅಗೆಯುತ್ತಾ ಹೋದಳು. ಮಳೆ ಹಿಂದೆ ಹಿಂದೆ ಬಂತು. ದಾರಿಯುದ್ದಕ್ಕೂ ಗಿರಿಜವ್ವನ ದನಿಯಲ್ಲಿ, ಅವಳು ಸಣ್ಣವಳಿದ್ದಾಗ ಆಡುತ್ತಿದ್ದ ಮಾತುಗಳನ್ನೆಲ್ಲ ಆಡಿತು. ದ್ಯಾಮಕ್ಕ ಬೇಕೆಂದೇ ನಿಧಾನವಾಗಿ ಅಗೆದಳು. ಕೊನೆಗೆ ಕೆಳಗಿನ ಒಣಕೆರೆ ಬಂತು.

"ಇದೇನಾ ಅಕ್ಕಾ?"

"ಇದೇ. ಹೋಗವ್ವ."

ಮಳೆ ಕೆರೆಗಿಳಿಯಿತು. ಮತ್ತೆ ಅದಕ್ಕೆ ದನಿಯಿರಲಿಲ್ಲ, ಬರೀ ನೀರು. ಗುಡ್ಡದ ನೆತ್ತಿಯಲ್ಲಿ ದಂಡ ಸೀಳಿಹೋಯಿತು. ಧೂಮಜಟ ಹಸಿಮಣ್ಣಾಗಿ ಕುಸಿದ. ಕಟ್ಟಿಹಾಕಿದ ಮಳೆಗಳೆಲ್ಲ ಬಿಡುಗಡೆಯಾಗಿ ಹದವಾಗಿ ಸುರಿದವು. ದ್ಯಾಮಕ್ಕ ಮಾತ್ರ ಕೆರೆಯ ದಂಡೆಯಲ್ಲಿ ಬಹಳ ಹೊತ್ತು ಕೂತಿದ್ದಳು. ಅಷ್ಟು ಒಂಟಿತನ ಅವಳಿಗೆ ಆರು ವರ್ಷದಲ್ಲೂ ಆಗಿರಲಿಲ್ಲ.

ಕೆರೆ ತುಂಬಿದ ಸುದ್ದಿ ನಾಡಿಗೆಲ್ಲ ಹಬ್ಬಿತು. ಜನ ಒಬ್ಬೊಬ್ಬರಾಗಿ ಮರಳಿದರು. ಗಿರಿಜವ್ವನೂ ಮಕ್ಕಳನ್ನು ಕಟ್ಟಿಕೊಂಡು ಬಂದಳು, ಅಕ್ಕನ ಮನೆಯ ಮಗ್ಗುಲಲ್ಲೇ ಮನೆ ಹೂಡಿದಳು. ಅಡಿಪಾಯ ತೋಡುವ ಮೊದಲು ಎಲ್ಲರೂ ದ್ಯಾಮಕ್ಕನನ್ನು ಕರೆದು, ನೀರು ಯಾವ ಕಡೆ ಹೋಗಲಿ ಎಂದು ಕೇಳುತ್ತಿದ್ದರು. ಅವಳು ಕಾಲಿನಿಂದ ಗೆರೆ ಎಳೆದು ತೋರಿಸುತ್ತಿದ್ದಳು. ಆ ಗುಡ್ಡದಲ್ಲಿ ಮತ್ತೆ ಯಾವ ಮನೆಯೂ ಜಾರಲಿಲ್ಲ. ಎಲ್ಲರೂ ನೆರೆಹೊರೆಯಾಗಿ, ಉಂಡುಟ್ಟು ಬಹುಕಾಲ ಬಾಳಿದರು.